ಎರೆ ಮಣ್ಣು ಮೆತ್ತಿದ ಮ್ಯಾಟು

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ವಿಜಯಪುರಕ್ಕೆ ವಾಪಸ್ ಬಂದ ಸಂಜೆ ಕಾರಿನ ಬಾಗಿಲು ತೆಗೆದೆ. ಕೆಳಗೆ ರಬ್ಬರ್ ಮ್ಯಾಟೇ ಕಾಣಲಿಲ್ಲ. ನಮ್ಮದು ಡೋಣಿ ನದಿ ಸಾಲಿನ ಹೊಲ, ಅಪ್ಪಟ ಎರೆ, ಅಂದರೆ ಕಪ್ಪು ಮಣ್ಣು. ಅವತ್ತು ಕಾಲುವೆ ನೀರು ಹರಿದು ಬಂಡಿದಾರಿ ಹಸಿಯಾಗಿತ್ತು. ಐದು ಮಂದಿಯ ಚಪ್ಪಲಿಗೆ ಅಂಟಿದ ಮಣ್ಣೆಲ್ಲ ಕಾರೊಳಗೆ ಬಂದಿತ್ತು. ಅದರ ಮೇಲೆ ಶೇಂಗಾ ಹೋಳಿಗೆಯ ಪುಡಿ, ಪುಂಡಿ ಪಲ್ಯದ ಎಣ್ಣೆ.

ನಾನು ಶಾಣ್ಯಾನಂತೆ ಆಗಲೇ ಪೈಪು ಹಿಡಿದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅಂಟಾಗುತ್ತದೆ. ಗೊತ್ತಿದ್ದೂ ಮಾಡಿದೆ. ತಿಕ್ಕಿದಷ್ಟೂ ಮ್ಯಾಟಿನ ಗೀರಿನೊಳಗೆ ಗ್ರೀಸಿನ ಹಾಗೆ ಕೂತಿತು. ಬಚ್ಚಲ ತೂತೂ ಕಟ್ಟಿತು. ಅವ್ವ ಬಂದು ನೋಡಿ, "ಹಸಿ ಎರಿಗೆ ನೀರ ಹಾಕಿದ್ರ ಬಿಡ್ತದೇನೋ ತಮ್ಮಾ? ಒಣಗಲಿ, ತಾನ ಬೀಳ್ತದ" ಅಂದಳು.

ಅವಳು ಹೇಳಿದ್ದೇ ಸರಿ. ಅಂದಿನಿಂದ ನಾನು ಮೊದಲು ಮ್ಯಾಟು ಹೊರಗೆ ತೆಗೆದು ಗೋಡೆಗೆ ಒರಗಿಸುತ್ತೇನೆ, ಅಷ್ಟೇ. ಮಣ್ಣು ಒಣಗಿದ ಹಾಗೆ ಕುಗ್ಗಿ, ಹೊಲ ಬಿರಿದಂತೆಯೇ ಬಿರಿಯುತ್ತದೆ. ಆದರೆ ಚಳಿಗಾಲದ ಬೆಳಿಗ್ಗೆ ಏಳಕ್ಕೆ ಮ್ಯಾಟು ಹಪ್ಪಳದ ಹಾಗೆ ಸೆಟೆದಿರುತ್ತದೆ. ಆಗ ಜೋರು ಮಾಡಿ ಬಗ್ಗಿಸಬಾರದು. ನನ್ನ ಹಳೆಯ ಮ್ಯಾಟಿನ ಅಂಚು ಸೀಳಿದ್ದು ಹಾಗೆಯೇ. ಹತ್ತು ಗಂಟೆಯ ಬಿಸಿಲು ತಾಗಿ ರಬ್ಬರ್ ಮೆತ್ತಗಾದ ಮೇಲೆ ಮಡಚಿ ಬಿಚ್ಚಿದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಕೇಳಲಿಕ್ಕೂ ಚಂದ, ಚಟಚಟ ಅಂತ. ಗೀರಿನಲ್ಲಿ ಉಳಿದದ್ದಕ್ಕೆ ಮಗಳ ಮುರಿದ ಪ್ಲಾಸ್ಟಿಕ್ ಸ್ಕೇಲು ಸಾಕು. ಆಮೇಲೆ ಒಣ ಬ್ರಷ್.

ನೀರು ಕೊನೆಗೆ. ಎಣ್ಣೆ ಜಿಡ್ಡಿಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಕುದಿಯುವ ನೀರು ಬೇಡ, ಮ್ಯಾಟು ಸೊಟ್ಟಗಾಗುತ್ತದೆ. ನಮ್ಮ ಬೋರಿನ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಕೊನೆಯ ಎರಡು ಚಂಬು ನಳದ ನೀರು ಹಾಕಿ, ಆಗಲೇ ಹಳೆ ಬನಿಯನ್ನಿನಲ್ಲಿ ಒರೆಸಿಬಿಡುತ್ತೇನೆ.

ಒಣಗಿಸುವುದೇ ದೊಡ್ಡ ಕೆಲಸ. ಒಮ್ಮೆ ಸೋಮಾರಿತನಕ್ಕೆ ವಾಷಿಂಗ್‌ಗೆ ಬಿಟ್ಟಿದ್ದೆ. ಅವರು ಹಸಿ ಮ್ಯಾಟನ್ನೇ ಒಳಗೆ ಹಾಕಿ ಕೊಟ್ಟರು. ಕೆಳಗಿನ ಕಾರ್ಪೆಟ್ ನೀರು ಹೀರಿತು. ಚಳಿಗೆ ಗಾಜು ಏರಿಸಿಕೊಂಡೇ ಓಡಾಡಿದೆವಲ್ಲ, ಎಂಟು ದಿನ ಕಾರೊಳಗೆ ಹಸಿ ಗೋಣಿಚೀಲದ ವಾಸನೆ. ಬೆಳಿಗ್ಗೆ ಒಳಗಿನಿಂದಲೇ ಗಾಜು ಮಂಜಾಗುತ್ತಿತ್ತು. ಈಗ ಮ್ಯಾಟು ಎತ್ತಿ ಕಾರ್ಪೆಟ್ ಮುಟ್ಟಿ ನೋಡದೆ ಬಿಡುವುದಿಲ್ಲ. ತಂಪು ಅನ್ನಿಸಿದರೆ ನಾಲ್ಕೂ ಬಾಗಿಲು ತೆಗೆದಿಡುತ್ತೇನೆ. ಮ್ಯಾಟನ್ನು ನೆಲಕ್ಕೆ ಹಾಸದೆ ನಿಲ್ಲಿಸಿ ಒಣಗಿಸುತ್ತೇನೆ. ಸಂಜೆ ಐದಕ್ಕೆ ಎತ್ತಿಡಬೇಕು, ರಾತ್ರಿ ಹೊರಗೆ ಬಿಟ್ಟರೆ ಇಬ್ಬನಿಗೆ ಮತ್ತೆ ಹಸಿ.

ಇನ್ನೊಂದು ತಪ್ಪೂ ಮಾಡಿದ್ದೆ. ಹೊಸದರಂತೆ ಕಾಣಲಿ ಅಂತ ಡ್ಯಾಶ್‌ಬೋರ್ಡಿನ ಪಾಲಿಶನ್ನೇ ಮ್ಯಾಟಿಗೂ ಹಚ್ಚಿದೆ. ಫಳಫಳ ಹೊಳೆಯಿತು. ಗೋಲಗುಮ್ಮಟದ ಹತ್ತಿರ ಟಾಂಗಾ ಅಡ್ಡ ಬಂದಾಗ ಹಿಮ್ಮಡಿ ಜಾರಿ, ಬ್ರೇಕಿಗೆ ಕಾಲು ಅರ್ಧ ಮಾತ್ರ ಸಿಕ್ಕಿತು. ಮನೆಗೆ ಬಂದು ಮೂರು ಸಲ ಸೋಪು ಹಾಕಿ ತಿಕ್ಕಿದೆ. ಡ್ರೈವರ್ ಕಡೆಯ ಮ್ಯಾಟು ಕೊಕ್ಕೆಗೆ ಸರಿಯಾಗಿ ಕೂತಿದೆಯಾ ಅಂತಲೂ ಆವಾಗಿನಿಂದ ಎಳೆದು ನೋಡುತ್ತೇನೆ. ಸರಿದು ಪೆಡಲ್ ಕೆಳಗೆ ಸಿಕ್ಕರೆ ಕಥೆ ಬೇರೆ ಅಲ್ವಾ.

ಈ ವರ್ಷ ಬುತ್ತಿಯ ಜೊತೆ ಎರಡು ಗೋಣಿಚೀಲವನ್ನೂ ಒಯ್ದು ಮ್ಯಾಟಿನ ಮೇಲೆ ಹಾಸಿದ್ದೆ. ಅವ್ವ ಅದನ್ನು ನೋಡಿ ನಕ್ಕಳು. ಬದುವಿನ ಮೇಲೇ ಚಪ್ಪಲಿ ಬಿಚ್ಚಿ, ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಹತ್ತಿ ಕೂತಳು.