ನಿಧಾನವಾಗಿ ಓಡಲು ಕಲಿಯುವ ಬಗೆ

ಹೊಸದಾಗಿ ಓಟ ಆರಂಭಿಸುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ದೂರದ್ದೋ ವೇಗದ್ದೋ ಆಗಿರುತ್ತದೆ. ನಲವತ್ತು ವರ್ಷಗಳಿಂದ ಓಡುತ್ತಿರುವ ನಾನು ಅವರಿಗೆ ಮೊದಲು ಕಲಿಸುವುದು ನಿಧಾನವಾಗಿ ಓಡುವುದನ್ನು. ಓಟದ ಮೇಲಿನ ನನ್ನ ಪ್ರೀತಿ ಇಂದಿಗೂ ಬತ್ತದೆ ಉಳಿದಿರುವುದು ಅದರಿಂದಲೇ.

ನಿಧಾನ ಎಂದರೆ ಎಷ್ಟು ಎಂಬುದಕ್ಕೆ ಮಾತೇ ಅಳತೆಗೋಲು. ಓಡುತ್ತಿರುವಾಗಲೇ ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗಬೇಕು. ಮೂರು ನಾಲ್ಕು ಪದಗಳಿಗೇ ಏದುಸಿರು ಬಂದರೆ ವೇಗವನ್ನು ತಗ್ಗಿಸಬೇಕು. ಒಬ್ಬರೇ ಓಡುವವರು ಬಾಯಿಪಾಠವಿರುವ ಪದ್ಯದ ಎರಡು ಸಾಲುಗಳನ್ನು ಗಟ್ಟಿಯಾಗಿ ಹೇಳಿ ನೋಡಬಹುದು. ಮೊದಲ ವಾರಗಳಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಾ ಒಟ್ಟು 20ರಿಂದ 25 ನಿಮಿಷ ಕಳೆದರೆ ಸಾಕು. ವಾರಕ್ಕೆ ಮೂರು ದಿನ, ನಡುನಡುವೆ ಬಿಡುವು ಕೊಟ್ಟು, ಹೀಗೆ ಮಾಡಿ.

ಈ ಎಚ್ಚರಕ್ಕೆ ಕಾರಣವಿದೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ, ಆದರೆ ಪ್ರತಿ ಹೆಜ್ಜೆಗೂ ದೇಹತೂಕದ ಎರಡು ಮೂರು ಪಟ್ಟು ಹೊರೆ ಹೊರುವ ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂಬ ಉತ್ಸಾಹದಲ್ಲಿ ನಾನು ಮೂರನೆಯ ತಿಂಗಳಲ್ಲೇ ದೂರವನ್ನು ಇಮ್ಮಡಿಗೊಳಿಸಿ, ಮೊಣಕಾಲಿನ ಕೆಳಗಿನ ಮುಂಮೂಳೆಯ ನೋವಿನಿಂದ ಎರಡು ತಿಂಗಳು ಓಡಲಾಗದೆ ಕುಳಿತಿದ್ದೆ. ಓಡಲಾಗದ ಆ ಬೆಳಗುಗಳ ನೆನಪು ಇಂದಿಗೂ ನನ್ನನ್ನು ತಡೆದು ನಿಲ್ಲಿಸುತ್ತದೆ.

ನಿಧಾನದ ಓಟ ಕೇವಲ ಹೊಸಬರಿಗೆ ಎಂದುಕೊಳ್ಳಬಾರದು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಅವರು 800 ಮೀಟರ್ ಓಟಗಾರ ಪೀಟರ್ ಸ್ನೆಲ್ ಅವರಿಂದ ವಾರಕ್ಕೆ ಸುಮಾರು 160 ಕಿಲೋಮೀಟರ್ ದೂರವನ್ನು ಸ್ಪರ್ಧೆಯ ವೇಗಕ್ಕಿಂತ ಬಹಳ ಕಡಿಮೆ ವೇಗದಲ್ಲಿ ಓಡಿಸುತ್ತಿದ್ದರು. ಅದೇ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಟವನ್ನು ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ 800 ಮತ್ತು 1500 ಮೀಟರ್‌ಗಳೆರಡನ್ನೂ ಗೆದ್ದರು.

ಹೆಜ್ಜೆಗಳು ಚಿಕ್ಕದಾಗಿರಲಿ. ಪಾದವು ದೇಹಕ್ಕಿಂತ ಬಹಳ ಮುಂದೆ ಊರಿದರೆ ಪ್ರತಿ ಹೆಜ್ಜೆಯೂ ತಡೆಯಂತಾಗಿ ಮಂಡಿಗೆ ಪೆಟ್ಟು ಹೆಚ್ಚುತ್ತದೆ. ಶೂ ಕಾಲಿಗೆ ಹಿತವಾಗಿದ್ದರೆ ಸಾಕು. 500ರಿಂದ 800 ಕಿಲೋಮೀಟರ್ ಓಡಿದ ಬಳಿಕ ಬದಲಿಸಿ. ಎರಡೂ ಕಾಲುಗಳ ಮಾಂಸಖಂಡಗಳಲ್ಲಿ ಕಾಣಿಸಿಕೊಳ್ಳುವ ಬಿಗಿತ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಆದರೆ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದಂಥ, ಓಡಿದಷ್ಟೂ ಹೆಚ್ಚುವ ನೋವಿದ್ದರೆ ಓಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಓಟ ಶುರುವಾದ ಹದಿನೈದು ನಿಮಿಷಗಳ ಸುಮಾರಿಗೆ ಉಸಿರೂ ಹೆಜ್ಜೆಯೂ ಒಂದೇ ಲಯಕ್ಕೆ ಬಂದು, ದೇಹ ತನ್ನಷ್ಟಕ್ಕೆ ತಾನೇ ಸಾಗುತ್ತಿದೆ ಎನ್ನಿಸುವ ಒಂದು ಹೊತ್ತು ಬರುತ್ತದೆ. ವೇಗವನ್ನು ಬೆನ್ನಟ್ಟಿದ ದಿನಗಳಲ್ಲಿ ನನಗೆ ಅದು ಎಂದೂ ದಕ್ಕಿಲ್ಲ. ಆ ಹೊತ್ತು ಬಂದಾಗ ಗಡಿಯಾರ ನೋಡಬೇಡಿ. ಇನ್ನೂ ಸ್ವಲ್ಪ ದೂರ ಓಡಬಲ್ಲೆ ಎನ್ನಿಸುತ್ತಿರುವಾಗಲೇ ಓಟ ನಿಲ್ಲಿಸಿ, ಕೊನೆಯ ಐದು ನಿಮಿಷ ನಡೆಯಿರಿ.