ಇಂಗ್ಲೆಂಡ್‌ನಲ್ಲಿ ಮನೆ ತಗೊಳ್ತಿದ್ದೀರಾ? ಆನ್‌ಲೈನ್ ಕನ್ವೇಯನ್ಸರ್ ಸಾಕಾ, ಹತ್ತಿರದ ಆಫೀಸೇ ಬೇಕಾ, ಹೀಗೆ ನೋಡಿ

ಮನೆ ಮಾರೋರು ನಿಮ್ಮ ರೇಟಿಗೆ ಒಪ್ಕೊಂಡ್ರು ಅಂತ ಎಸ್ಟೇಟ್ ಏಜೆಂಟ್ ಫೋನ್ ಮಾಡ್ತಾರಲ್ಲ, ಅದೇ ಫೋನಲ್ಲಿ ನಿಮ್ಮ ಸಾಲಿಸಿಟರ್ (ಮನೆ ಕಾಗದಪತ್ರ ನೋಡೋ ಲಾಯರ್, ಈ ಕೆಲಸ ಮಾಡೋರಿಗೆ ಕನ್ವೇಯನ್ಸರ್ ಅಂತಾನೂ ಅಂತಾರೆ) ಯಾರು ಅಂತಾನೂ ಕೇಳ್ತಾರೆ. ಯಾರೂ ಇಲ್ಲ ಅಂದ್ರೆ ಅವ್ರೇ ಒಂದು ಹೆಸರು ಕೊಡ್ತಾರೆ, ಖುಷೀಲಿದ್ದಾಗ ನಾವೂ ಹೂಂ ಅಂದುಬಿಡ್ತೀವಿ. ದಯವಿಟ್ಟು ಹಾಗೆ ಮಾಡ್ಬೇಡಿ. ಗಿರಾಕಿ ಕಳಿಸಿದ್ದಕ್ಕೆ ಏಜೆಂಟಿಗೆ ರೆಫರಲ್ ಫೀ ಸಿಗೋದು ಇಲ್ಲಿ ಮಾಮೂಲಿ, ಅದನ್ನ ಬಚ್ಚಿಡೋ ಹಾಗಿಲ್ಲ, ಅವ್ರು ಹೇಳಿದವ್ರನ್ನೇ ಇಟ್ಕೊಬೇಕು ಅಂತ ಕಾನೂನೂ ಇಲ್ಲ. ಮನೆ ನೋಡೋಕೆ ಶುರು ಮಾಡಿದಾಗ್ಲೇ ಎರಡು ಮೂರು ಕಡೆ ಕೋಟ್ (ಫೀ ಎಷ್ಟಾಗುತ್ತೆ ಅನ್ನೋ ಲೆಕ್ಕ) ತಗೊಂಡು ಇಟ್ಕೊಳ್ಳಿ.

ನಮ್ಮೂರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಫೋಟೋ ತೆಗೆಸ್ಕೊಂಡು ಬರ್ಬೇಕು, ಇಲ್ಲಿ ಅದ್ಯಾವುದೂ ಇಲ್ಲ. ಟೈಟಲ್ (ಒಡೆತನದ ದಾಖಲೆ) ಚೆಕ್ ಮಾಡೋದು, ಕೌನ್ಸಿಲ್ ಸರ್ಚು ನೀರು-ಚರಂಡಿ ಸರ್ಚು ಹಾಕೋದು (ಆ ಮನೆ ಬಗ್ಗೆ ಅವ್ರ ದಾಖಲೆ ತರಿಸಿ ನೋಡೋದು), ಮಾರೋರ ಲಾಯರಿಗೆ ಪ್ರಶ್ನೆ ಕಳ್ಸೋದು, ಬ್ಯಾಂಕಿಂದ ಸಾಲದ ದುಡ್ಡು ತರಿಸೋದು, ಕಂಪ್ಲೀಷನ್ (ದುಡ್ಡು ಕೊಟ್ಟು ಮನೆ ಕೈಗೆ ಬರೋದು) ಆದ 14 ದಿನದೊಳಗೆ ಸ್ಟಾಂಪ್ ಡ್ಯೂಟಿ ರಿಟರ್ನ್ ಹಾಕೋದು, ಆಮೇಲೆ ಲ್ಯಾಂಡ್ ರಿಜಿಸ್ಟ್ರಿಲಿ ನಿಮ್ಮ ಹೆಸರು ಕೂರ್ಸೋದು, ಎಲ್ಲಾ ಕನ್ವೇಯನ್ಸರ್ ಕೂತಲ್ಲೇ ಮಾಡ್ತಾರೆ. ಹಂಗಾಗಿ ಆನ್‌ಲೈನ್ ಅಂದ ಮಾತ್ರಕ್ಕೆ ಹೆದರ್ಕೊಬೇಕಾಗಿಲ್ಲ. ಇವ್ರ ಮೇಲೆ ಕಣ್ಣಿಡೋ ಸಂಸ್ಥೆಗಳಿವೆ: ಸಾಲಿಸಿಟರ್ ಆಗಿದ್ರೆ ಎಸ್‌ಆರ್‌ಎ, ಲೈಸೆನ್ಸ್ಡ್ ಕನ್ವೇಯನ್ಸರ್ (ಮನೆ ವ್ಯವಹಾರಕ್ಕೆ ಮಾತ್ರ ಲೈಸೆನ್ಸ್ ಇರೋರು) ಆಗಿದ್ರೆ ಸಿಎಲ್‌ಸಿ, ಎರಡಕ್ಕೂ ವೆಬ್‌ಸೈಟ್ ಇದೆ, ಹೆಸರು ಹಾಕಿ ನೋಡ್ಕೊಳ್ಳಿ. ಈ ಪದ್ಧತಿ ಇಂಗ್ಲೆಂಡ್ ಮತ್ತೆ ವೇಲ್ಸಿಗೆ ಮಾತ್ರ (ವೇಲ್ಸಲ್ಲಿ ಸ್ಟಾಂಪ್ ಡ್ಯೂಟಿ ಬದಲು ಬೇರೆ ತೆರಿಗೆ ಇದೆ), ಸ್ಕಾಟ್ಲೆಂಡ್ ಪದ್ಧತಿನೇ ಬೇರೆ.

ನಿಜವಾಗ್ಲೂ ನೋಡ್ಬೇಕಾಗಿರೋದು ನಿಮ್ಮ ಫೈಲ್ ಯಾರ ಟೇಬಲ್ ಮೇಲೆ ಇರುತ್ತೆ ಅನ್ನೋದು. ದೊಡ್ಡ ಆನ್‌ಲೈನ್ ಕಂಪನಿಗಳಲ್ಲಿ ಐಡಿ ಚೆಕ್ ಆ್ಯಪಲ್ಲೇ ಮುಗಿಯುತ್ತೆ, ಫೈಲ್ ಎಲ್ಲಿವರೆಗೆ ಬಂತು ಅಂತ ರಾತ್ರಿ ಹನ್ನೊಂದಕ್ಕೂ ನೋಡ್ಬಹುದು, ಮನೆ ಕೈತಪ್ಪಿದ್ರೆ ಫೀ ಇಲ್ಲ ಅಂತಾರೆ (ಸರ್ಚಿಗೆ ಕಟ್ಟಿದ ದುಡ್ಡು ಮಾತ್ರ ಸಾಮಾನ್ಯವಾಗಿ ಹೋದ ಹಾಗೇ). ಆದ್ರೆ ಕೆಲವು ಕಡೆ ಫೈಲು ಟೀಮಲ್ಲಿ ಕೈಯಿಂದ ಕೈಗೆ ಹೋಗ್ತಿರುತ್ತೆ, ಫೋನ್ ಎತ್ತಿದವ್ರಿಗೆ ನಿಮ್ಮ ಕಥೆ ಮೊದಲಿಂದ ಹೇಳ್ಬೇಕು. ಲೋಕಲ್ ಆಫೀಸಲ್ಲಿ ಒಬ್ಬರ ಹೆಸರು ಗೊತ್ತಿರುತ್ತೆ, ಹೋಗಿ ಕೂತು ಮಾತಾಡ್ಬಹುದು, ಆದ್ರೆ ಆ ಒಬ್ರೇ ಎರಡು ವಾರ ರಜೆ ಹೋದ್ರೆ ಎಲ್ಲಾ ನಿಂತೋಗುತ್ತೆ. ಅದಕ್ಕೇ ಇಬ್ರಿಗೂ ಇದನ್ನೇ ಕೇಳಿ: ನನ್ನ ಫೈಲ್ ನೋಡೋರು ಯಾರು, ಅವ್ರ ನೇರ ನಂಬರ್ ಸಿಗುತ್ತಾ, ಅವ್ರು ರಜೆ ಇದ್ದಾಗ ಯಾರು, ನನಗೆ ಸಾಲ ಕೊಡೋ ಬ್ಯಾಂಕಿನ ಪ್ಯಾನೆಲ್‌ನಲ್ಲಿ (ಬ್ಯಾಂಕ್ ಒಪ್ಪಿರೋ ಲಾಯರ್‌ಗಳ ಪಟ್ಟಿ) ನೀವು ಇದ್ದೀರಾ. ಪ್ಯಾನೆಲ್‌ನಲ್ಲಿ ಇಲ್ದಿದ್ರೆ ಬ್ಯಾಂಕ್ ಬೇರೆ ಲಾಯರ್ ಇಡಬಹುದು, ಆ ಖರ್ಚು ನಿಮ್ಮ ತಲೆ ಮೇಲೇ.

ಫ್ರೀಹೋಲ್ಡ್ ಮನೆ (ಜಾಗ ಸಮೇತ ನಿಮ್ಮದಾಗೋದು), ಇಲ್ಲಿನ ಸಂಬಳದಲ್ಲೇ ಕೂಡಿಟ್ಟ ಡೆಪಾಸಿಟ್ (ನೀವು ಕೈಯಿಂದ ಹಾಕೋ ದುಡ್ಡು), ಒಂದು ಮಾರ್ಟ್‌ಗೇಜ್ (ಮನೆ ಸಾಲ), ಇಷ್ಟೇ ಆದ್ರೆ ಒಳ್ಳೆ ಆನ್‌ಲೈನ್ ಕಂಪನಿ ಸಾಕು. ಲೀಸ್‌ಹೋಲ್ಡ್ ಫ್ಲ್ಯಾಟ್ (ಜಾಗದ ಒಡೆಯರು ಬೇರೆ, ನಿಮಗೆ ಇಂತಿಷ್ಟು ವರ್ಷದ ಹಕ್ಕು ಮಾತ್ರ) ಆದ್ರೆ ನಾನು ಮಾತಿಗೆ ಸಿಗೋ ಮನುಷ್ಯರನ್ನೇ ಹುಡುಕಿ ಅಂತೀನಿ. ಲೀಸ್ ಎಷ್ಟು ವರ್ಷ ಉಳಿದಿದೆ (80ಕ್ಕಿಂತ ಕಮ್ಮಿ ಇದ್ರೆ ಹುಷಾರು), ಗ್ರೌಂಡ್ ರೆಂಟ್ (ಜಾಗದ ಒಡೆಯರಿಗೆ ಕಟ್ಟೋ ಬಾಡಿಗೆ) ಹೇಗೆ ಏರುತ್ತೆ, ಸರ್ವಿಸ್ ಚಾರ್ಜ್ ಎಷ್ಟು, ಎತ್ತರದ ಬಿಲ್ಡಿಂಗ್ ಆದ್ರೆ ಕ್ಲ್ಯಾಡಿಂಗ್ (ಹೊರಗೋಡೆ ಹೊದಿಕೆ) ರಿಪೇರಿ ಖರ್ಚು ಯಾರ ಮೇಲೆ, ಇದನ್ನೆಲ್ಲ ಕೂತು ಬಿಡಿಸಿ ಹೇಳೋರು ಬೇಕು. 2022ರ ಬಿಲ್ಡಿಂಗ್ ಸೇಫ್ಟಿ ಆ್ಯಕ್ಟ್ ಬಂದ್ಮೇಲೆ ಇಂಥ ಫೈಲೇ ಬೇಡ ಅನ್ನೋ ಕಂಪನಿಗಳೂ ಇವೆ, ಮೊದಲೇ ಕೇಳಿ.

ಈಗ ನಮ್ಮವ್ರಿಗೆ ತೀರಾ ಮುಖ್ಯವಾದದ್ದು, ಸ್ಟಾಂಪ್ ಡ್ಯೂಟಿ. ಬೇರೆ ಮನೆ ಇದೆಯಾ ಅಂತ ಫಾರ್ಮಲ್ಲಿ ಒಂದು ಸಾಲಿನ ಪ್ರಶ್ನೆ ಇರುತ್ತೆ, ಇಂಗ್ಲೆಂಡಲ್ಲಿ ಇದೆಯಾ ಅಂತ ಕೇಳ್ತಿದ್ದಾರೆ ಅನ್ಕೊಂಡು ಇಲ್ಲ ಅಂತ ಟಿಕ್ ಹಾಕ್ಬಿಡ್ತಾರೆ. ಅವ್ರು ಕೇಳ್ತಿರೋದು ಪ್ರಪಂಚದಲ್ಲಿ ಎಲ್ಲಾದ್ರೂ ಅಂತ. ಮೈಸೂರಲ್ಲಿ ನಿಮ್ಮ ಹೆಸರಿನ ಫ್ಲ್ಯಾಟ್ ಇರ್ಲಿ, ಅಪ್ಪ ತೀರ್ಕೊಂಡ್ಮೇಲೆ ಹುಬ್ಬಳ್ಳಿ ಮನೇಲಿ ಬಂದ ಪಾಲೇ ಇರ್ಲಿ, ಫಸ್ಟ್ ಟೈಮ್ ಬಯರ್ ರಿಯಾಯಿತಿ ಹೋಗುತ್ತೆ. ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ರೆ ಬಹುಪಾಲು ಕೇಸಲ್ಲಿ ಇಲ್ಲಿ ತಗೊಳ್ಳೋ ಮನೆಯ ಇಡೀ ಬೆಲೆ ಮೇಲೆ 5% ಹೆಚ್ಚುವರಿನೂ ಬೀಳುತ್ತೆ, ಮನೆ ಗಂಡ ಅಥವಾ ಹೆಂಡತಿ ಹೆಸರಲ್ಲಿದ್ರೂ ಲೆಕ್ಕಕ್ಕೆ ಬರುತ್ತೆ. ಖಾಲಿ ಸೈಟ್ ಬರಲ್ಲ. ಈಗಿನ ದರದಲ್ಲಿ 4 ಲಕ್ಷ ಪೌಂಡ್ ಮನೆಗೆ ಮೊದಲ ಸಲ ತಗೊಳ್ಳೋರು ಕಟ್ಟೋದು 5,000, ಹೆಚ್ಚುವರಿ ಬಿದ್ದವ್ರು ಕಟ್ಟೋದು 30,000. ಪಿತ್ರಾರ್ಜಿತ ಪಾಲಿಗೆ ಮೂರು ವರ್ಷದ ವಿನಾಯ್ತಿ ಥರ ಒಳಸುಳಿ ಇದಾವೆ, ಬಹಳ ಕನ್ವೇಯನ್ಸರ್‌ಗಳು ನಾವು ಟ್ಯಾಕ್ಸ್ ಸಲಹೆ ಕೊಡಲ್ಲ ಅಂತ ಪತ್ರದಲ್ಲೇ ಬರೆದಿರ್ತಾರೆ, ತಪ್ಪಾದ್ರೆ ಜವಾಬ್ದಾರಿ ನಿಮ್ಮದೇ. ಇಂಡಿಯಾದಲ್ಲಿ ಮನೆ ಇರೋ ಗಿರಾಕಿ ಫೈಲ್ ಮಾಡಿದ್ದೀರಾ ಅಂತ ಬಾಯ್ಬಿಟ್ಟು ಕೇಳಿ.

ಊರಿಂದ ದುಡ್ಡು ಬರೋದಿದ್ರೂ ಇದೇ ಮಾತು. ಅಪ್ಪ ಅಮ್ಮ ಕಳ್ಸಿದ್ದು ಅಂದ್ರೆ ಕನ್ವೇಯನ್ಸರ್‌ಗೆ ಸಾಕಾಗಲ್ಲ, ಅವ್ರಿಗೆ ಎಲ್ಲಿಂದ ಬಂತು ಅಂತಾನೂ ತೋರಿಸ್ಬೇಕು. ಸೈಟ್ ಮಾರಿದ ದುಡ್ಡಾದ್ರೆ ಕ್ರಯಪತ್ರ ಕೇಳ್ಬಹುದು, ಅದು ಕನ್ನಡದಲ್ಲಿದ್ರೆ ಸರ್ಟಿಫೈಡ್ ಅನುವಾದ ಬೇಕಾಗುತ್ತೆ. ಅವ್ರ ಪಾಸ್‌ಬುಕ್, ಐಡಿ, ಈ ದುಡ್ಡು ವಾಪಸ್ ಕೇಳಲ್ಲ ಮನೇಲಿ ಪಾಲೂ ಬೇಡ ಅನ್ನೋ ಗಿಫ್ಟ್ ಲೆಟರ್, ಎಲ್ಲಾ ಮೊದಲೇ ರೆಡಿ ಮಾಡಿ. ಆರ್‌ಬಿಐ ನಿಯಮದಲ್ಲಿ ಅಲ್ಲಿರೋ ಒಬ್ರು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಹೊರಗೆ ಕಳ್ಸ್ಬಹುದು, ಆದ್ರೆ ಕೊನೇ ವಾರದಲ್ಲಿ ಓಡಾಡಿದ್ರೆ ಆಗೋ ಕೆಲಸ ಅಲ್ಲ.

ಕೋಟ್ ಬಂದಾಗ ಮೇಲಿನ ದೊಡ್ಡ ಅಂಕಿ ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ. ಲೀಸ್‌ಹೋಲ್ಡಿಗೆ ಇಷ್ಟು, ಗಿಫ್ಟ್ ಡೆಪಾಸಿಟ್‌ಗೆ ಇಷ್ಟು, ಬ್ಯಾಂಕ್ ಟ್ರಾನ್ಸ್‌ಫರ್‌ಗೆ, ಐಡಿಗೆ, ಸ್ಟಾಂಪ್ ಡ್ಯೂಟಿ ಫಾರ್ಮ್ ತುಂಬೋಕೆ ಅಂತ ಬೇರೆ ಬೇರೆ ಸೇರಿಸಿರ್ತಾರೆ, ಎಲ್ಲಾ ಕೂಡಿದ್ರೆ ಅಗ್ಗ ಅನ್ಸಿದ್ದು ಲೋಕಲ್ ರೇಟಿಗೇ ಬಂದು ನಿಲ್ಲುತ್ತೆ. ವ್ಯಾಟ್ ಸೇರಿಸಿ ಒಟ್ಟು ಎಷ್ಟು ಅಂತ ಬರವಣಿಗೇಲಿ ತಗೊಳ್ಳಿ.

ಯಾರನ್ನೇ ಇಟ್ಕೊಳ್ಳಿ, ಅವ್ರ ಬ್ಯಾಂಕ್ ಅಕೌಂಟ್ ನಂಬರ್ ಶುರುವಲ್ಲೇ ತಗೊಂಡು ಬರೆದಿಟ್ಕೊಳ್ಳಿ. ಈಮೇಲ್ ಹ್ಯಾಕ್ ಮಾಡಿ, ನಮ್ಮ ಅಕೌಂಟ್ ಬದಲಾಗಿದೆ ಡೆಪಾಸಿಟ್ ಇಲ್ಲಿಗೆ ಹಾಕಿ ಅಂತ ಕಳ್ಸೋ ಕಳ್ಳರಿದ್ದಾರೆ, ಅಂಥದ್ದು ಬಂದ್ರೆ ಆ ಈಮೇಲಲ್ಲಿರೋ ನಂಬರಿಗೆ ಫೋನ್ ಮಾಡ್ಬೇಡಿ, ನಿಮ್ಮ ಹತ್ರ ಮೊದಲೇ ಇರೋ ನಂಬರಿಗೆ ಫೋನ್ ಮಾಡಿ ಅಂಕಿ ಓದಿಸ್ಕೊಂಡು ಆಮೇಲೇ ದುಡ್ಡು ಹಾಕಿ.