ಹೆರಿಗೆಗೆ ಅವಸರ ಬೇಡ: ಏಳನೇ ತಿಂಗಳಿಂದ ಮಗುವಿನ ಮೊದಲ ನೀರಿನವರೆಗೆ

"ಡೇಟ್ ಯಾವತ್ತು ಕೊಟ್ಟವ್ರೆ?" ಮಂಡ್ಯ ಕಡೆ ತುಂಬಿದ ಬಸುರಿಯನ್ನು ಕಂಡರೆ ಎಲ್ಲರೂ ಕೇಳುವ ಮೊದಲ ಮಾತು ಇದೇ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಬರುವ ದಿನ ಅದು, ಅಷ್ಟೇ. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ಬಹಳ ಕಡಿಮೆ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ನೋವು ಬರಬಹುದು. 41 ವಾರ ದಾಟಿದರೆ ಡಾಕ್ಟರು ನೋವು ಬರಿಸುವ ಮಾತಾಡುತ್ತಾರೆ, ಅದಕ್ಕೆ ಕಾರಣವೂ ಇದೆ. ಅದಕ್ಕೂ ಮುಂಚೆ, ತಾಯಿ ಮಗು ಇಬ್ಬರೂ ಚೆನ್ನಾಗಿರುವಾಗ, ಸುಮ್ನೆ ಡೇಟ್ ನೋಡಿ ಗಾಬರಿ ಬೀಳುವುದು ಬೇಡ.

ನನ್ನ ಇಬ್ಬರು ಮಕ್ಕಳೂ ಸಹಜವಾಗಿಯೇ ಹುಟ್ಟಿದರು. ಆದರೂ ಆ ಎರಡು ಹೆರಿಗೆಗಳಿಗೆ ಹೋಲಿಕೆಯೇ ಇಲ್ಲ. ಮೊದಲನೆಯದರಲ್ಲಿ ರಾತ್ರಿಯಿಡೀ ಅಂಗಾತ ಮಲಗಿಸಿದ್ದರು. ಒಂದು ಗುಟುಕು ನೀರು ಕೊಡಲಿಲ್ಲ. ಅಮ್ಮನನ್ನು ಬಾಗಿಲ ಹೊರಗೇ ನಿಲ್ಲಿಸಿದ್ದರು. ಎರಡನೆಯ ಸಲ ಬೇರೆ ಆಸ್ಪತ್ರೆಗೆ ಹೋದೆ. ಅಮ್ಮ ಪಕ್ಕದಲ್ಲಿದ್ದಳು, ನಾನು ಓಡಾಡಿಕೊಂಡಿದ್ದೆ. ನೋವೇನೂ ಕಡಿಮೆ ಇರಲಿಲ್ಲ, ಆದರೆ ನಾನು ಹೆದರಲಿಲ್ಲ. ಅಲ್ಲಿ ಕಲಿತದ್ದನ್ನೂ, ಆಮೇಲೆ ಓದಿ, ನರ್ಸ್‌ಗಳನ್ನು ಕೇಳಿ ತಿಳಿದದ್ದನ್ನೂ ಇಲ್ಲಿ ಹೇಳುತ್ತಿದ್ದೇನೆ.

ಸಿಜೇರಿಯನ್ ಕೆಟ್ಟದ್ದಲ್ಲ, ಬೇಕಾದಾಗ ಅದು ಜೀವ ಉಳಿಸುತ್ತದೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದ ಹೆರಿಗೆಗಳಲ್ಲಿ ಶೇ 17.2ರಷ್ಟಿದ್ದ ಸಿಜೇರಿಯನ್, 2019-21ರ ಹೊತ್ತಿಗೆ ಶೇ 21.5 ಆಯಿತು. ಖಾಸಗಿ ಆಸ್ಪತ್ರೆಗಳಲ್ಲಂತೂ ಶೇ 47.4. ಅಷ್ಟೂ ತಾಯಂದಿರಿಗೆ ಅದು ಬೇಕಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಮನೆಯಲ್ಲೇ ಹೆರಿಗೆ ಮಾಡಿಕೊಳ್ಳಿ ಎಂದೂ ನಾನು ಹೇಳುವುದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆ ಪಟ್ಟೆವು. ಸೂಲಗಿತ್ತಿಯರಿಗೆ ಕಾಯುವ ತಾಳ್ಮೆ ಇತ್ತು. ಆದರೆ ಮಾಸು ಬಿದ್ದ ಮೇಲೆ ರಕ್ತ ನಿಲ್ಲದೆ ಹೋದರೆ ಅವರ ಕೈಯಲ್ಲೂ ಏನೂ ಇರುತ್ತಿರಲಿಲ್ಲ. ಆ ತಾಳ್ಮೆಯೂ ಬೇಕು, ಆಸ್ಪತ್ರೆಯೂ ಬೇಕು.

ಏಳನೇ ತಿಂಗಳಿಂದ

ಮೊದಲು ರಕ್ತ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದೇ ಲೆಕ್ಕ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗಿರಲಿ. ಊಟಕ್ಕೆ ಹೊಸದೇನೂ ಬೇಡ: ಮುದ್ದೆ, ಬಸ್ಸಾರು, ಸೊಪ್ಪು, ಕಾಳು, ಮೊಟ್ಟೆ. ತುಪ್ಪ ತಿಂದರೆ ಮಗು ಜಾರಿ ಬರುತ್ತದೆ ಎನ್ನುವುದು ಬರೀ ನಂಬಿಕೆ. ತುಪ್ಪ ಹೊಟ್ಟೆಗೆ ಹೋಗುತ್ತದೆ, ಮಗು ಇರುವುದು ಗರ್ಭಕೋಶದಲ್ಲಿ. ನೋವು ಬರಲಿ ಎಂದು ಹರಳೆಣ್ಣೆ ಕುಡಿಯಬೇಡಿ. ವಾಂತಿ ಭೇದಿಯಾಗಿ ಸುಸ್ತಾಗುತ್ತೀರಿ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ.

ಮೈಗೆ ಎರಡು ಕೆಲಸ ಸಾಕು. ಒಂದು ನಡಿಗೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ, ಹಳ್ಳಿಯವರಿಗೆ ನಾಲೆ ಪಕ್ಕದ ದಾರಿ. ದಿನಾ ಅರ್ಧ ಗಂಟೆ, ಮಾತಾಡಿಕೊಂಡು ನಡೆಯುವಷ್ಟು ನಿಧಾನ. ಇನ್ನೊಂದು ಕುಕ್ಕರಗಾಲಲ್ಲಿ ಕೂರುವುದು. ನಮ್ಮಜ್ಜಿ ದಿನವಿಡೀ ಪಾತ್ರೆ ತೊಳೆಯಲು, ಸೊಪ್ಪು ಬಿಡಿಸಲು ಹಾಗೇ ಕೂರುತ್ತಿದ್ದಳು. ಹಾಗೆ ಕೂತಾಗ ಕೂಪಕದ, ಅಂದರೆ ಸೊಂಟದ ಮೂಳೆಗಳ ನಡುವಿನ, ಕೆಳದಾರಿ ಅಗಲವಾಗುತ್ತದೆ. ಗೋಡೆಗೋ ಕಿಟಕಿ ಕಂಬಿಗೋ ಕೈ ಕೊಟ್ಟು, ಒಂದೊಂದು ನಿಮಿಷ ಅಭ್ಯಾಸ ಮಾಡಿ. ರಕ್ತಸ್ರಾವ ಇದ್ದವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ದಾರಿ ಮತ್ತು ಜೊತೆ

ಆಸ್ಪತ್ರೆಯನ್ನು ಎಂಟನೇ ತಿಂಗಳಲ್ಲೇ ಗೊತ್ತು ಮಾಡಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಚೆಲುವಾಂಬ ಇವೆ. ತಾಲ್ಲೂಕು ಆಸ್ಪತ್ರೆಯಲ್ಲೂ ಹೆರಿಗೆ ಆಗುತ್ತದೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ನೋವು ಹೆಚ್ಚಾದ ಮೇಲೆ ಆ ದಾರಿ ಬಹಳ ಉದ್ದ ಅನ್ನಿಸುತ್ತದೆ. ದಸರಾ ಹೊತ್ತಿಗೆ ದಿನ ತುಂಬುವವರು ಇನ್ನೊಂದು ವಿಷಯ ಗಮನಿಸಿ: ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆ ಬಂದ್ ಇರುತ್ತದೆ, ಚೆಲುವಾಂಬ ಇರುವುದು ಅದೇ ಸುತ್ತಿನಲ್ಲಿ. ಬೇರೆ ದಾರಿ ಯಾವುದು ಎಂದು ಮೊದಲೇ ನೋಡಿಟ್ಟುಕೊಳ್ಳಿ. 108 ಯಾವ ಹೊತ್ತಿನಲ್ಲೂ ಉಚಿತ.

ಜೊತೆಗೆ ಯಾರಿರುತ್ತಾರೆ ಎನ್ನುವುದನ್ನೂ ಆಗಲೇ ಮಾತಾಡಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ, ತಾನೂ ಹೆತ್ತ ಅನುಭವವಿರುವ ಒಬ್ಬ ಹೆಂಗಸು ಜೊತೆಗಿರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಅಮ್ಮ, ಅಕ್ಕ, ಅತ್ತೆ, ಯಾರಾದರೂ ಸರಿ. ಆದರೆ ಗಾಬರಿಯಾಗುವವರು ಬೇಡ. ತಪಾಸಣೆಗೆ ಹೋದಾಗಲೇ "ಮೇಡಂ, ನಮ್ಮಮ್ಮ ಒಳಗಿರಬಹುದಾ? ನಾನು ಎದ್ದು ಓಡಾಡಬಹುದಾ?" ಎಂದು ಕೇಳಿ. ಕೇಳಲು ಹಿಂಜರಿಕೆಯಾಗುತ್ತದೆ, ನನಗೂ ಆಗಿತ್ತು. ಆದರೆ ನೋವು ಶುರುವಾದ ಮೇಲೆ ಇದನ್ನೆಲ್ಲ ಕೇಳಲು ಆಗುವುದಿಲ್ಲ.

ನೋವು ಬಂತು, ಈಗ?

ಸುಳ್ಳು ನೋವು ಬಂದು ಹೋಗುತ್ತದೆ. ಒಂದು ಲೋಟ ನೀರು ಕುಡಿದು, ಮಗ್ಗುಲು ಬದಲಿಸಿದರೆ ಅಡಗುತ್ತದೆ. ನಿಜವಾದ ನೋವು ಸೊಂಟದಿಂದ ಎದ್ದು ಮುಂದಕ್ಕೆ ಬರುತ್ತದೆ, ನಡೆದರೆ ಜೋರಾಗುತ್ತದೆ, ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಈ ಶುರುವಿನ ಹಂತ ಒಂದು ರಾತ್ರಿ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯಬಹುದು. ಬಿಪಿ, ಸಕ್ಕರೆ, ಅವಳಿ, ಹಿಂದಿನ ಸಿಜೇರಿಯನ್, ತಲೆ ಮೇಲಿರುವ ಮಗು, ಇವು ಯಾವುದೂ ಇಲ್ಲದವರು ಈ ಹೊತ್ತನ್ನು ಮನೆಯಲ್ಲೇ ಕಳೆಯುವುದು ಒಳ್ಳೆಯದು. ಬೇಗ ಹೋಗಿ ಮಂಚದ ಮೇಲೆ ಮಲಗಿದರೆ "ಇನ್ನೂ ಏನೂ ಮುಂದುವರಿದಿಲ್ಲ" ಎನ್ನುವ ಮಾತು ಕೇಳಿ ಕೇಳಿ ಧೈರ್ಯ ಕುಗ್ಗುತ್ತದೆ.

ಮನೆಯಲ್ಲಿ ಏನು ಮಾಡುವುದು? ಗಂಜಿ ಕುಡಿಯಿರಿ, ಎಳನೀರು ಕುಡಿಯಿರಿ. ನಮಗೆ ಮದ್ದೂರಿನ ಎಳನೀರು ಪಕ್ಕದಲ್ಲೇ ಇದೆ, ಅಲ್ವಾ? ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ. ಮಗುವಿನ ಸುತ್ತಲಿನ ಗರ್ಭದ ನೀರು ಹೋಗಿಲ್ಲದಿದ್ದರೆ ಸೊಂಟದ ಮೇಲೆ ಬೆಚ್ಚಗಿನ ನೀರು ಹಾಕಿಸಿಕೊಳ್ಳಿ. ನೋವು ಏರುವಾಗ ಕಿಟಕಿ ಕಂಬಿ ಹಿಡಿದು ಮುಂದಕ್ಕೆ ಬಾಗಿ, ಬಾಯಿ ಸಡಿಲ ಬಿಟ್ಟು ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ. ಹಿಂದೆ ನಿಂತವರು ಸೊಂಟದ ಮೂಳೆಯ ಮೇಲೆ ಅಂಗೈ ಇಟ್ಟು ಗಟ್ಟಿಯಾಗಿ ಒತ್ತಲಿ. ನನ್ನ ಎರಡನೇ ಹೆರಿಗೆಯಲ್ಲಿ ಅಮ್ಮ ಮಾಡಿದ್ದು ಇಷ್ಟೇ. ಅದರಷ್ಟು ಹಿತ ಬೇರೆ ಯಾವುದರಲ್ಲೂ ಸಿಗಲಿಲ್ಲ. ನೋವು ಇಳಿದಾಗ ಕಣ್ಣು ಮುಚ್ಚಿ, ಎರಡು ನಿಮಿಷವಾದರೂ ಸರಿ.

ಐದು ನಿಮಿಷಕ್ಕೊಮ್ಮೆ ಬಂದು ಒಂದು ನಿಮಿಷ ಇರುವ ನೋವು ಒಂದು ಗಂಟೆ ಹಾಗೇ ಮುಂದುವರಿದರೆ ಹೊರಡಿ. ಎರಡನೇ ಹೆರಿಗೆಯಾದರೆ ಇನ್ನೂ ಮೊದಲೇ. ಆಸ್ಪತ್ರೆ ದೂರ ಇದ್ದವರೂ ಅಷ್ಟೇ.

ಒಂದು ಕ್ಷಣವೂ ಕಾಯಬಾರದ ಸಂದರ್ಭಗಳಿವೆ. ಕೆಂಪು ರಕ್ತ ಹರಿದರೆ. ನೋವಿಲ್ಲದಿದ್ದರೂ ನೀರು ಹೋದರೆ, ಅದು ಹಸಿರಾಗಿದ್ದರಂತೂ ಇನ್ನೂ ಬೇಗ. ಮಗುವಿನ ಆಟ ಕಡಿಮೆಯಾದರೆ. ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಊದಿದರೆ, ಜ್ವರ ಬಂದರೆ. 37 ವಾರಕ್ಕೆ ಮುಂಚೆಯೇ ನೋವು ಬಂದರೆ. ಆಗ ಎಳನೀರು, ನಡಿಗೆ ಯಾವುದೂ ಇಲ್ಲ, ನೇರ 108.

ಹೆರಿಗೆ ಕೋಣೆಯಲ್ಲಿ

ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಹೆರಿಗೆ ನೋವು ಚುರುಕಾಗುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಲ್ಲಿಂದ ಮುಂದೆ ಚೊಚ್ಚಲಿನವರಿಗೆ ಸಾಮಾನ್ಯವಾಗಿ 12 ಗಂಟೆ ದಾಟುವುದಿಲ್ಲ. ಅಪಾಯ ಇಲ್ಲದ ತಾಯಿ ನೀರು, ಗಂಜಿ ಕುಡಿಯಬಹುದು, ಓಡಾಡಬಹುದು, ತನಗೆ ಹಿತವಾದ ಭಂಗಿಯಲ್ಲಿ ಇರಬಹುದು ಎಂದೂ ಅದೇ ಮಾರ್ಗಸೂಚಿಯಲ್ಲಿದೆ. ಕೂದಲು ತೆಗೆಯುವುದು, ಎನಿಮಾ ಕೊಡುವುದು, ಮಗು ಬರುವ ದಾರಿಗೆ ಎಲ್ಲರಿಗೂ ಕತ್ತರಿ ಹಾಕುವುದು, ಹೊಟ್ಟೆ ಒತ್ತಿ ಮಗುವನ್ನು ತಳ್ಳುವುದು, ಇವು ಬೇಡ ಎಂದಿದೆ. ಬೆನ್ನ ಮೇಲೆ ಮಲಗಲೇಬೇಕು ಎಂದರೆ, ಎಡ ಮಗ್ಗುಲಿಗಾದರೂ ಅವಕಾಶ ಕೇಳಿ.

ಮುಕ್ಕುವುದಕ್ಕೂ ಅವಸರ ಬೇಡ. ಗರ್ಭಕೋಶದ ಬಾಯಿ ಪೂರ್ತಿ ತೆರೆದು, ಮಲ ಬಂದ ಹಾಗೆ ಒತ್ತಡ ತಾನಾಗಿ ಬಂದಾಗ ಮುಕ್ಕಿದರೆ ಸಾಕು. ತಲೆ ಕಾಣುವಾಗ ನರ್ಸ್ "ಸಾಕು, ಊದಿ" ಎಂದರೆ ಮೇಣದಬತ್ತಿ ಆರಿಸುವಂತೆ ಊದಿ. ತಲೆ ನಿಧಾನವಾಗಿ ಬಂದರೆ ಚರ್ಮ ಹರಿಯುವುದು ಕಡಿಮೆ.

ಮಗು ಹುಟ್ಟಿದ ಕೂಡಲೇ ತೊಡೆಗೊಂದು ಇಂಜೆಕ್ಷನ್ ಕೊಡುತ್ತಾರೆ. ಗರ್ಭಕೋಶ ಗಟ್ಟಿಯಾಗಿ ರಕ್ತ ನಿಲ್ಲಲಿ ಎಂದು ಕೊಡುವ ಆಕ್ಸಿಟೋಸಿನ್ ಅದು. ಸಹಜ ಹೆರಿಗೆ ಎಂದುಕೊಂಡು ಅದನ್ನು ಬೇಡ ಎನ್ನಬೇಡಿ. ಸೂಲಗಿತ್ತಿಯರ ಕೈಯಲ್ಲಿ ಇಲ್ಲದೆ ಹೋದದ್ದು ಅದೇ.

ಮೊದಲ ಒಂದು ಗಂಟೆ

ಹುಟ್ಟಿ ಅತ್ತ ಮಗುವನ್ನು ಒರೆಸಿ ನೇರ ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಬೇಕು. ಹೊಕ್ಕುಳ ಬಳ್ಳಿ ಕತ್ತರಿಸಲು ಕನಿಷ್ಠ ಒಂದು ನಿಮಿಷ ಕಾಯಬೇಕು. ಆ ಹೊತ್ತಿನಲ್ಲಿ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಹರಿಯುತ್ತದೆ. ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣದ ಅಂಶ ಅದರಲ್ಲಿದೆ. ತೂಕ ನೋಡುವುದು, ವಿಟಮಿನ್ ಕೆ ಇಂಜೆಕ್ಷನ್ ಕೊಡುವುದು ಸ್ವಲ್ಪ ತಡವಾದರೂ ನಡೆಯುತ್ತದೆ.

ಎದೆಯ ಮೇಲೆ ಬಿಟ್ಟರೆ ಮಗು ತಾನೇ ಮೂತಿ ಆಡಿಸುತ್ತಾ ಮೊಲೆ ಹುಡುಕುತ್ತದೆ. ಮೊದಲು ಬರುವುದು ದಪ್ಪನೆಯ ಹಳದಿ ಹಾಲು, ಕೆಲವೇ ಹನಿ. "ಹಾಲೇ ಬಂದಿಲ್ಲ" ಎಂದು ಹಿರಿಯರು ಪೇಚಾಡುತ್ತಾರೆ. ಮೊದಲ ದಿನ ಮಗುವಿನ ಹೊಟ್ಟೆಗೆ ಅಷ್ಟೇ ಸಾಕು. ಜೇನುತುಪ್ಪ, ಸಕ್ಕರೆ ನೀರು, ಬೆಲ್ಲದ ನೀರು ಏನೂ ಬೇಡ. ನನ್ನ ಮೊದಲ ಮಗುವಿಗೆ ನನ್ನನ್ನು ಕೇಳದೆ ಬಾಟಲಿ ಹಾಲು ಕೊಟ್ಟಿದ್ದರು. ಆಮೇಲೆ ಮೊಲೆ ಹಿಡಿಸಲು ಹತ್ತು ದಿನ ಒದ್ದಾಡಿದೆ. ಸಿಜೇರಿಯನ್ ಆದವರೂ ಮಗುವನ್ನು ಬೇಗ ಎದೆಗೆ ಹಾಕಿಕೊಳ್ಳಬಹುದು, ಪಕ್ಕದಲ್ಲಿ ಹಿಡಿಯುವವರು ಒಬ್ಬರು ಬೇಕು ಅಷ್ಟೇ.

ಬಾಣಂತನದಲ್ಲಿ ಯಾವುದು ಇರಲಿ, ಯಾವುದು ಬಿಡಲಿ

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು ಇರಲಿ. ಬೇರೆಯವರು ಅಡುಗೆ ಮಾಡಿ, ಬಾಣಂತಿ ಮಲಗಿ ಎದ್ದು ಹಾಲು ಕೊಡುವ ಪದ್ಧತಿಯಂತೂ ಬಹಳ ಒಳ್ಳೆಯದು. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎನ್ನುವ ಮಾತು ಬಿಡಿ. ಹಾಲು ಕೊಡುವವಳಿಗೆ ಬಾಯಾರಿಕೆ ಜಾಸ್ತಿ, ಕೇಳಿದಷ್ಟೂ ನೀರು ಕೊಡಿ. ಮಂಚದ ಕೆಳಗಿನ ಕೆಂಡ, ಮಗುವಿಗೆ ಹಿಡಿಯುವ ಸಾಂಬ್ರಾಣಿ ಹೊಗೆ ಬೇಡ. ಮಗುವಿನ ಶ್ವಾಸಕೋಶಕ್ಕೆ ಅದು ತಡೆಯುವುದಿಲ್ಲ.

ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲು ಕೊಡಬೇಕು. ಐದಾರು ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದರ್ಥ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು, ಎರಡು ವಾರದೊಳಗೆ ವಾಪಸ್ ಬರುತ್ತದೆ. ಆರು ತಿಂಗಳು ಎದೆಹಾಲು ಬಿಟ್ಟರೆ ಬಜೆ, ಗ್ರೈಪ್ ವಾಟರ್, ನೀರು ಯಾವುದೂ ಬೇಡ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಮಗು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಹುಟ್ಟಿದ 24 ಗಂಟೆಯೊಳಗೆ ಹಳದಿಯಾದರೆ, ಉಸಿರಾಡುವಾಗ ಎದೆ ಒಳಕ್ಕೆ ಸೆಳೆದರೆ ಅವರ ದಾರಿ ಕಾಯದೆ ಆಸ್ಪತ್ರೆಗೆ ಹೋಗಿ. ಬಾಣಂತಿಗೆ ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆದರೂ, ಜ್ವರ ಬಂದರೂ ಹಾಗೇ. ಎರಡು ವಾರ ಕಳೆದ ಮೇಲೂ ಬಾಣಂತಿಯ ಅಳು ನಿಲ್ಲದಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಿ.

ಇನ್ನು ಮಗುವಿಗೆ ನೀರು ಎರೆಯುವುದು. ಮೊದಲ 24 ಗಂಟೆ ಸ್ನಾನ ಬೇಡ, ಮೈ ತಣ್ಣಗಾಗುತ್ತದೆ. ಹೊಕ್ಕುಳು ಒಣಗಿ ಬೀಳುವವರೆಗೆ, ಅಂದರೆ ಒಂದೆರಡು ವಾರ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅದಕ್ಕೆ ಎಣ್ಣೆ, ವಿಭೂತಿ ಹಚ್ಚಬೇಡಿ. ಆಮೇಲೆ ಅಜ್ಜಿಯ ಕೈಗೆ ಕೊಡಿ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಹಗುರವಾಗಿ ಕೊಬ್ಬರಿ ಎಣ್ಣೆ ಸವರಿ ನೀರು ಹಾಕುವ ಆ ಕೆಲಸ ಅಜ್ಜಿಯರಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಕಿವಿ ಮೂಗಿಗೆ ಎಣ್ಣೆ ಬಿಡುವುದು, ಮೂಗು ತಿದ್ದುವುದು, ಮಗುವಿನ ಮೊಲೆ ಹಿಂಡುವುದು, ಕಣ್ಣಿಗೆ ಕಾಡಿಗೆ, ಇಷ್ಟು ಮಾತ್ರ ಬೇಡ ಎಂದು ಮೆತ್ತಗೆ ಹೇಳಿ. ದೃಷ್ಟಿ ಬೊಟ್ಟನ್ನು ಅಂಗಾಲಿಗೆ ಇಡಲಿ. ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊಳಕೈ ಅದ್ದಿ ನೋಡಿ, ಬೆಚ್ಚಗಿದ್ದರೆ ಎರೆಯಲಿ.